ಸಿಂಹಾಚಲದ ಮುತ್ತಿನ ಹಾರ, ಅಜ್ಜಿಯ ಕಾಸಿನ ಸರ

ಕೆಲಸಕ್ಕೆ ಅಂತ ವಿಶಾಖಪಟ್ಟಣಕ್ಕೋ ವಿಜಯವಾಡಕ್ಕೋ ಬಂದಿರೋ ಕನ್ನಡದವರು ಇಲ್ಲಿನ ಚಿನ್ನದಂಗಡಿಗೆ ಹೋದ್ರೆ ಒಂದು ವಿಷಯ ಗಮನಿಸ್ತೀರಿ. ಕಾಸುಲ ಪೇರು ಅಂತ ತೋರಿಸ್ತಾರೆ, ನೋಡಿದ್ರೆ ನಮ್ಮ ಕಾಸಿನ ಸರ. ವಡ್ಡಾಣಂ ಅಂದ್ರೆ ನಮ್ಮ ಡಾಬು. ವಂಕಿಯಂತೂ ಎರಡೂ ಕಡೆ ವಂಕಿನೇ. ಈ ಹೋಲಿಕೆ ಹೇಗೆ ಬಂತು?

ಒಂದು ದೊಡ್ಡ ಕಾರಣ, ಎರಡೂ ನಾಡು ಒಂದೇ ಅರಸರ ಕೆಳಗೆ ಇದ್ದದ್ದು. ಕೃಷ್ಣದೇವರಾಯ ಗಜಪತಿಗಳ ಮೇಲೆ ದಂಡೆತ್ತಿ ಬಂದು, ವಿಜಯವಾಡದ ಪಕ್ಕದ ಕೊಂಡಪಲ್ಲಿ ಕೋಟೆ ಗೆದ್ದ. 1516ರಲ್ಲಿ ವಿಶಾಖಪಟ್ಟಣದ ಸಿಂಹಾಚಲಕ್ಕೂ ಬಂದ. ಅಲ್ಲಿ ಅವನು ದೇವರಿಗೆ ಒಪ್ಪಿಸಿದ ಕಾಣಿಕೆಗಳ ಶಾಸನ ಇದೆ. ಅದರಲ್ಲಿ 991 ಮುತ್ತುಗಳ ಲೆಕ್ಕವೂ ಇದೆ. ಮುತ್ತನ್ನ ಕೂಡ ಎಣಿಸಿ ಕಲ್ಲಲ್ಲಿ ಬರೆಸಿದ ಕಾಲ ಅದು.

ಅರಮನೆಯ ಒಡವೆ ಹೀಗೆ ದೇವರ ಮೈಮೇಲೆ ಬಂತು. ದೇವರ ಒಡವೆಯ ಮಾದರಿ ನೃತ್ಯದವರಿಗೆ ಬಂತು. ಕೃಷ್ಣಾ ಜಿಲ್ಲೆಯ ಕೂಚಿಪೂಡಿ ಊರಿನ ಹೆಸರಿನ ನೃತ್ಯದಲ್ಲಿ ಕೆಂಪು ಕಲ್ಲಿನ ಸೂರ್ಯ-ಚಂದ್ರ, ಜಡೆಬಿಲ್ಲೆ ನೋಡಿರ್ತೀರಿ. ಈಗ ಮದುವೆ ಹೆಣ್ಣಿಗೆ ‘ಟೆಂಪಲ್ ಜ್ಯುವೆಲರಿ’ ಅಂತ ಮಾರೋದು ಇದನ್ನೇ.

ಆದ್ರೆ ಎಲ್ಲಾ ರಾಜರಿಂದಲೇ ಬಂದಿಲ್ಲ. ಮಾವಿನಕಾಯಿ ಸರ, ಮಲ್ಲಿಗೆ ಮೊಗ್ಗಿನ ಸರ ನೋಡಿ. ಅವು ತೋಟದಿಂದ ಬಂದವು. ಕಾಸಿನ ಸರ ಬಂದದ್ದು ನಾಣ್ಯದಿಂದ. ವಿಜಯನಗರದ ಚಿನ್ನದ ವರಹ ಸುಮಾರು 3.4 ಗ್ರಾಂ. ಅಂಥ ನಾಣ್ಯಕ್ಕೆ ಕೊಂಡಿ ಹಾಕಿ ಪೋಣಿಸಿದ್ರೆ ಕೊರಳಲ್ಲೇ ಉಳಿತಾಯ. ಹಣ ಇಲ್ಲದವರೂ ಈ ಆಸೆ ಬಿಡಲಿಲ್ಲ: ಮಚಲೀಪಟ್ಟಣದ ಚಿಲಕಲಪೂಡಿಯಲ್ಲಿ ಇದೇ ಮಾದರಿಗಳನ್ನ ರೋಲ್ಡ್ ಗೋಲ್ಡ್‌ನಲ್ಲಿ ಮಾಡೋ ಕಸುಬು ಬೆಳೀತು.

ಈಗ ನಮಗೆ ಸಂಬಂಧಪಟ್ಟ ಮಾತು. ಮನೇಲಿ ಅಜ್ಜಿಯ ಹಳೇ ಸರ ಇರುತ್ತೆ. ‘ಎಕ್ಸ್‌ಚೇಂಜ್ ಮಾಡಿ ಹೊಸ ಆಂಟಿಕ್ ಸೆಟ್ ತಗೊಳ್ಳೋಣ’ ಅನ್ಸುತ್ತೆ. ಸ್ವಲ್ಪ ತಡೀರಿ. ಎಕ್ಸ್‌ಚೇಂಜ್‌ನಲ್ಲಿ ಬೆಲೆ ಸಿಗೋದು ಚಿನ್ನದ ತೂಕಕ್ಕೆ, ಶುದ್ಧತೆಗೆ. ಅಕ್ಕಸಾಲಿಗ ಅರಗಿನ ಮೇಲೆ ಕೂರಿಸಿ, ಉಳಿಯಿಂದ ತಟ್ಟಿ ತಟ್ಟಿ ಎಬ್ಬಿಸಿದ ನಕಾಸಿ ಕೆಲಸಕ್ಕೆ ಬೆಲೆ ಇಲ್ಲ. ಅದು ಕರಗಿ ಹೋಗುತ್ತೆ. ಆಮೇಲೆ ಅಚ್ಚಿನಲ್ಲಿ ಒತ್ತಿದ ಲಕ್ಷ್ಮಿಗೆ ಹೊಸದಾಗಿ ಮೇಕಿಂಗ್ ಚಾರ್ಜ್ ಕೊಡ್ತೀವಿ. ಹಳೇದನ್ನ ಕೊಟ್ಟು, ಹಳೇದರ ನಕಲನ್ನ ತರ್ತೀವಿ.

ಕರಗಿಸಲೇಬೇಕು ಅಂದ್ರೆ ಮೊದಲು ಹಿಂದೆ-ಮುಂದೆ ಫೋಟೋ ತೆಗೀರಿ, ಅಮ್ಮನ ಹತ್ರ ಅದರ ಹೆಸರು ಕೇಳಿ ಬರೆದಿಡಿ. ಕೊಂಡಿ ಸವೆದಿದ್ರೆ, ಕಲ್ಲು ಬಿದ್ದಿದ್ರೆ ಅಷ್ಟನ್ನೇ ರಿಪೇರಿ ಮಾಡ್ಸಿ. ಹೊಸದು ಕೊಳ್ಳೋವಾಗ ಕಲ್ಲು, ಅರಗಿನ ತೂಕ ಕಳೆದು ಚಿನ್ನದ ತೂಕ ಬೇರೆ ಬರೆಸ್ಕೊಳ್ಳಿ. ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ನೋಡಿ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಗೆ ಅದು ಇರಲೇಬೇಕು.

ಚಿನ್ನ ಯಾವಾಗ ಬೇಕಾದ್ರೂ ಕೊಳ್ಳಬಹುದು. ಅಜ್ಜಿ ಹಾಕ್ಕೊಂಡಿದ್ದ ಆ ಸರವನ್ನ ಯಾವ ಅಂಗಡಿಯೂ ಮತ್ತೆ ಮಾಡಿಕೊಡಲ್ಲ.