ಡಯಾಲಿಸಿಸ್ ರೋಗಿಯ ತಟ್ಟೆಗೆ ದಾರೆಹುಳಿ ಬೇಡ

ಮುಂಬಯಿಯಲ್ಲಿ ನೆಲೆಸಿರುವ ಕರಾವಳಿ ಕನ್ನಡಿಗರ ಮನೆಗೆ ಊರಿನ ಬಸ್ಸಿನಲ್ಲಿ ಬರುವ ಚೀಲದಲ್ಲಿ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳದ ಜೊತೆಗೆ ಹಿತ್ತಲಿನ ದಾರೆಹುಳಿಯೂ ಇರುವುದುಂಟು. ತುಳುವರ ದಾರೆಪುಳಿ, ಇಲ್ಲಿನ ಮಾರುಕಟ್ಟೆಯ ಕಮರಖ್ ಇದೇ. ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಈ ಹಣ್ಣಿನ ಉಪ್ಪಿನಕಾಯಿ, ಗೊಜ್ಜು ಎಂದರೆ ಊರಿನವರ ಬಾಯಲ್ಲಿ ನೀರೂರುತ್ತದೆ. ಆದರೆ ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿದ್ದರೆ ಅವರ ತಟ್ಟೆಗೆ ಇದರ ಒಂದು ಹೋಳೂ ಬೀಳಬಾರದು.

ಈ ಹಣ್ಣಿನಲ್ಲಿ ಮೆದುಳನ್ನು ಕೆರಳಿಸುವ ವಿಷವೊಂದಿದೆ. ಆರೋಗ್ಯವಂತರ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲೇ ಉಳಿದು ಮೆದುಳನ್ನು ಸೇರುತ್ತದೆ. ಡಯಾಲಿಸಿಸ್ ರೋಗಿಗಳು ಇದನ್ನು ತಿಂದು ಅಸ್ವಸ್ಥರಾದ ಸಂಗತಿಯನ್ನು ಬ್ರೆಜಿಲ್ ದೇಶದ ವೈದ್ಯರು 1990ರ ದಶಕದಲ್ಲೇ ವರದಿ ಮಾಡಿದ್ದರು. 2013ರಲ್ಲಿ ಅಲ್ಲಿನ ವಿಜ್ಞಾನಿಗಳು ಆ ವಿಷವನ್ನು ಗುರುತಿಸಿ ‘ಕ್ಯಾರಂಬಾಕ್ಸಿನ್’ ಎಂದು ಹೆಸರಿಟ್ಟರು.

ಮೊದಲು ಕಾಣಿಸುವುದು ನಿಲ್ಲದ ಬಿಕ್ಕಳಿಕೆ. ಯಾರೋ ನೆನಪಿಸಿಕೊಳ್ಳುತ್ತಿದ್ದಾರೆ ಎಂದು ಮನೆಯವರು ನಗುತ್ತಾರೆ, ಒಂದು ಚಮಚ ಸಕ್ಕರೆ ಕೊಡುತ್ತಾರೆ. ಹೊತ್ತು ಹೋಗುವುದು ಇಲ್ಲೇ. ಮುಂದೆ ವಾಂತಿ, ನಿದ್ರಾಹೀನತೆ, ಅಸಂಬದ್ಧ ಮಾತು, ಕೈಕಾಲಿನ ಸೆಳೆತ, ಫಿಟ್ಸ್. ಪ್ರಜ್ಞೆ ತಪ್ಪಿ ಪ್ರಾಣ ಹೋದವರೂ ಇದ್ದಾರೆ. ಬೇಗನೆ ಆಸ್ಪತ್ರೆಗೆ ಕರೆದೊಯ್ದು ಯಂತ್ರದ ಡಯಾಲಿಸಿಸ್ ಮಾಡಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಇದಕ್ಕೆ ಸಾಲದು. ಏನು ತಿಂದಿದ್ದರು ಎಂದು ಮನೆಯವರು ಬಾಯಿ ಬಿಟ್ಟು ಹೇಳದಿದ್ದರೆ ವೈದ್ಯರಿಗೂ ಕಾರಣ ಹೊಳೆಯುವುದು ಕಷ್ಟ.

ಡಯಾಲಿಸಿಸ್ ರೋಗಿಯ ಮೆದುಳಿಗೆ ತೊಂದರೆ ಬೇರೆ ದಾರಿಯಿಂದಲೂ ಬರಬಹುದು. ಮೊದಲ ಕೆಲವು ಡಯಾಲಿಸಿಸ್‌ಗಳಲ್ಲಿ ರಕ್ತದ ಯೂರಿಯಾ ತಟ್ಟನೆ ಇಳಿದರೆ ಮೆದುಳಿನೊಳಗೆ ನೀರು ಸೇರಿ ತಲೆನೋವು, ವಾಂತಿ, ಗೊಂದಲ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ ಮೊದಲ ದಿನ ನಾಲ್ಕು ಗಂಟೆಯ ಬದಲು ಸುಮಾರು ಎರಡೇ ಗಂಟೆಗೆ ಯಂತ್ರ ನಿಲ್ಲಿಸುವುದು. ಕೊಟ್ಟ ಹಣಕ್ಕೆ ಅರ್ಧವೇ ಮಾಡಿದರು ಎಂದು ಬೇಸರಿಸಬೇಕಾಗಿಲ್ಲ.

ಇನ್ನೊಂದು, ನೀರು. ಒಂದು ಸಲದ ಡಯಾಲಿಸಿಸ್‌ಗೆ ನೂರು ಲೀಟರಿಗೂ ಹೆಚ್ಚು ನೀರು ಬೇಕು. 1970ರ ದಶಕದಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡವರು ತೊದಲತೊಡಗಿ, ಕ್ರಮೇಣ ಬುದ್ಧಿ ಮಂಕಾಗಿ ತೀರಿಕೊಂಡದ್ದನ್ನು ವೈದ್ಯರು ಗಮನಿಸಿದರು. ಅಪರಾಧಿ ಅಲ್ಯೂಮಿನಿಯಂ. ಅದು ನೀರಿನಿಂದಲೂ, ರೋಗಿಗಳು ನುಂಗುತ್ತಿದ್ದ ಅಲ್ಯೂಮಿನಿಯಂ ಇರುವ ಔಷಧಿಯಿಂದಲೂ ದೇಹ ಸೇರುತ್ತಿತ್ತು. 1996ರಲ್ಲಿ ಕೆರಿಬಿಯನ್‌ನ ಕ್ಯುರಸಾವ್ ದ್ವೀಪದಲ್ಲಿ ಹೊಸ ನೀರಿನ ಪೈಪಿನ ಒಳಗಿನ ಸಿಮೆಂಟಿನಿಂದ ಅಲ್ಯೂಮಿನಿಯಂ ಕರಗಿ 10 ರೋಗಿಗಳು ಬಲಿಯಾದರು. ಈಗ ಡಯಾಲಿಸಿಸ್ ಕೇಂದ್ರಗಳಲ್ಲಿ ಆರ್.ಓ. ಯಂತ್ರ ಇರುವುದು ಇದೇ ಕಾರಣಕ್ಕೆ. ಅದರ ನೀರನ್ನು ಎಂದು ಪರೀಕ್ಷಿಸಿದ್ದೀರಿ ಎಂದು ಕೇಳುವ ಹಕ್ಕು ರೋಗಿಗಿದೆ. ಕೇಳುವವರು ಮಾತ್ರ ಕಡಿಮೆ.

ಔಷಧಿಯದ್ದೂ ಇದೇ ಕಥೆ. ಸರ್ಪಸುತ್ತು ಬಂದಾಗ ಕೊಡುವ ಅಸೈಕ್ಲೊವಿರ್ ಮಾತ್ರೆಯನ್ನು ಎಲ್ಲರಿಗೂ ಕೊಡುವ ಪ್ರಮಾಣದಲ್ಲೇ ಡಯಾಲಿಸಿಸ್ ರೋಗಿಗೂ ಕೊಟ್ಟರೆ ಭ್ರಮೆ, ಗೊಂದಲ ಉಂಟಾಗಬಹುದು. ಅಪ್ಪನಿಗೆ ವಯಸ್ಸಾಯಿತು, ಏನೇನೋ ಮಾತಾಡುತ್ತಾರೆ ಎಂದು ಮಕ್ಕಳು ಸುಮ್ಮನಾಗುವುದೂ ಉಂಟು. ಹತ್ತಿರದ ಕ್ಲಿನಿಕ್ಕಿಗೆ ಹೋದಾಗಲೂ ಡಯಾಲಿಸಿಸ್ ಫೈಲು ಕೈಯಲ್ಲಿರಲಿ, ಮಾತ್ರೆ ಬರೆಯುವ ಮುನ್ನವೇ ಅದನ್ನು ಡಾಕ್ಟರರ ಮುಂದಿಡಿ.

ನಮ್ಮ ಸಂಘ ಸಂಸ್ಥೆಗಳು ಡಯಾಲಿಸಿಸ್‌ಗೆ ಧನಸಹಾಯ ನೀಡುವುದು ಶ್ಲಾಘನೀಯ. ಚೆಕ್ ಕೊಡುವಾಗ ದಾರೆಹುಳಿಯ ವಿಚಾರವನ್ನೂ ಮನೆಯವರಿಗೆ ತಿಳಿಸಿದರೆ ಉಪಕಾರವಾದೀತು. ಊರಿನಿಂದ ಚೀಲ ಕಟ್ಟಿ ಕಳುಹಿಸುವ ಅಜ್ಜಿಗೂ ಒಂದು ಫೋನ್ ಮಾಡಬೇಕು.