ಹಸಿರು ಚಹಾ, ಅಡಿಕೆ ಚೊಗರು ಮತ್ತು ಕ್ಯಾನ್ಸರ್: ವರ್ತಕರು ಅರಿಯಬೇಕಾದ ಸಂಗತಿಗಳು

ಹಸಿರು ಚಹಾದಲ್ಲಿರುವ ಕೆಲವು ಪದಾರ್ಥಗಳು ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುತ್ತವೆ ಎಂಬ ವಾರ್ತೆ ಬಹಳ ವರ್ಷಗಳಿಂದ ಪ್ರಚಾರದಲ್ಲಿದೆ. ತೀರ್ಥಹಳ್ಳಿ, ಸಾಗರ, ಹೊಸನಗರ ತಾಲ್ಲೂಕುಗಳ ಅಡಿಕೆ ವ್ಯವಹಾರಸ್ಥರಿಗೂ ಈ ವಿಷಯ ಸಂಬಂಧಿಸಿದ್ದಾಗಿದೆ. ಚಹಾದ ಈ ಪದಾರ್ಥಗಳ ವರ್ಗಕ್ಕೇ ಸೇರಿದವು ಅಡಿಕೆ ಬೇಯಿಸಿದ ಚೊಗರಿನಲ್ಲಿಯೂ ಇವೆ. ಅಡಿಕೆಯಿಂದ ಚಹಾ ತಯಾರಿಸುವ ಪ್ರಯತ್ನವೂ ಈ ಭಾಗದಲ್ಲಿ ನಡೆದಿದೆ. ಆದುದರಿಂದ ಪ್ರಯೋಗಾಲಯದ ಫಲಿತಾಂಶಕ್ಕೂ ಪೊಟ್ಟಣದ ಮೇಲೆ ಮುದ್ರಿಸಬಹುದಾದ ಮಾತಿಗೂ ಇರುವ ಅಂತರವನ್ನು ಉದ್ದಿಮೆದಾರರು ಅರಿಯುವುದು ಅವಶ್ಯ.

ಕ್ಯಾಟೆಚಿನ್ ಎಂದರೇನು?

ವೀಳ್ಯದೊಡನೆ ಬಳಸುವ ಕಾಚಿನಿಂದ ಈ ಹೆಸರು ಹುಟ್ಟಿದೆ. ಬಾಯಿಗೆ ಒಗರು ಕೊಡುವ ಪಾಲಿಫಿನಾಲ್ ವರ್ಗದ ಪದಾರ್ಥಗಳಿವು. ಕೊಯ್ದ ಚಹಾ ಎಲೆಯನ್ನು ಕೂಡಲೇ ಶಾಖಕ್ಕೆ ಒಡ್ಡಿ ಒಣಗಿಸಿದರೆ ಕ್ಯಾಟೆಚಿನ್ ಉಳಿಯುತ್ತದೆ. ಅದೇ ಹಸಿರು ಚಹಾ. ಎಲೆಯನ್ನು ಜಜ್ಜಿ ಗಾಳಿಗೆ ಬಿಟ್ಟರೆ ಅದರ ಬಹುಪಾಲು ಮಾರ್ಪಟ್ಟು ಕಪ್ಪು ಚಹಾ ಆಗುತ್ತದೆ. ಹಸಿರು ಚಹಾದ ಕ್ಯಾಟೆಚಿನ್‌ಗಳಲ್ಲಿ ಪ್ರಮುಖವಾದುದು ಇಜಿಸಿಜಿ.

ಅಡಿಕೆಯ ಎಳೆಗಾಯಿಯಲ್ಲಿ ಒಗರು ಹೆಚ್ಚು, ಹಣ್ಣಾದಂತೆ ಕಡಿಮೆಯಾಗುತ್ತದೆ. ಮಲೆನಾಡಿನಲ್ಲಿ ಹಸಿಗಾಯಿಯನ್ನು ಸುಲಿದು ಬೇಯಿಸುವಾಗ ಈ ಒಗರು ನೀರಿಗೆ ಇಳಿಯುತ್ತದೆ. ಅದೇ ನೀರನ್ನು ಮತ್ತೆ ಮತ್ತೆ ಬಳಸಿ ಗಟ್ಟಿಯಾಗಿಸಿದ ಚೊಗರು ಅಡಿಕೆಗೆ ಬಣ್ಣ, ಹೊಳಪು ನೀಡುತ್ತದೆ. ಬಟ್ಟೆಗೆ ಬಣ್ಣ ಕಟ್ಟಲೂ ಒದಗುತ್ತದೆ.

ಸಂಶೋಧನೆ ಎಲ್ಲಿಗೆ ಮುಟ್ಟಿದೆ?

ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಗೂ ಇಲಿಗಳ ಮೇಲೆ ಇಜಿಸಿಜಿ ಆಶಾದಾಯಕ ಪರಿಣಾಮ ತೋರಿದೆ. ಆದರೆ ಕುಡಿದ ಚಹಾದಿಂದ ರಕ್ತಕ್ಕೆ ಸೇರುವ ಅಂಶ ಅತ್ಯಲ್ಪ. ಕಾಕ್ರೇನ್ ಸಂಸ್ಥೆಯು 2020ರಲ್ಲಿ 11 ಲಕ್ಷಕ್ಕೂ ಹೆಚ್ಚು ಜನರನ್ನೊಳಗೊಂಡ 142 ಅಧ್ಯಯನಗಳನ್ನು ಪರಿಶೀಲಿಸಿ, ಹಸಿರು ಚಹಾ ಸೇವನೆಯಿಂದ ಕ್ಯಾನ್ಸರ್ ಅಪಾಯ ಕಡಿಮೆಯಾಗುತ್ತದೆ ಎಂಬುದಕ್ಕೆ ಸುಸಂಗತ ಆಧಾರವಿಲ್ಲವೆಂದು ತಿಳಿಸಿತು. ಅಮೆರಿಕವು 2006ರಲ್ಲಿ ಹಸಿರು ಚಹಾ ಸಾರದ ಮುಲಾಮೊಂದಕ್ಕೆ ಔಷಧವಾಗಿ ಅನುಮತಿ ನೀಡಿತಾದರೂ ಅದು ಒಂದು ಬಗೆಯ ನರುಳ್ಳೆಗಳಿಗೆ ಮಾತ್ರ, ಕ್ಯಾನ್ಸರ್‌ಗೆ ಅಲ್ಲ.

ಅತಿಯಾದರೆ ಹಾನಿಯೂ ಉಂಟು. ಮಾತ್ರೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಸೇವಿಸಿದರೆ ಯಕೃತ್ತಿಗೆ ತೊಂದರೆಯಾಗಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು. ರಕ್ತಸಂಬಂಧಿ ಕ್ಯಾನ್ಸರ್ ಒಂದಕ್ಕೆ ನೀಡುವ ಬೋರ್ಟೆಜೊಮಿಬ್ ಔಷಧದ ಪರಿಣಾಮವನ್ನೇ ಇಜಿಸಿಜಿ ತಡೆಯುವುದು 2009ರ ಪ್ರಯೋಗಗಳಲ್ಲಿ ಕಂಡುಬಂದಿದೆ. ರೋಗಿಗೆ ‘ಒಳ್ಳೆಯದೆಂದು’ ಮಾರಿದ ವಸ್ತು ಚಿಕಿತ್ಸೆಗೇ ಅಡ್ಡಿಯಾಗುವ ಸಂಭವವಿದೆ.

ಅಡಿಕೆಯ ಲೆಕ್ಕ ಬೇರೆ

ಬೇಯಿಸುವಾಗ ನೀರಿಗೆ ಇಳಿಯುವುದು ಒಗರು ಮಾತ್ರವಲ್ಲ. ಅರೆಕೋಲಿನ್ ಎಂಬ ಕ್ಷಾರಾಂಶವೂ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. 2020ರಲ್ಲಿ ಅರೆಕೋಲಿನ್ ಅನ್ನು ‘ಕ್ಯಾನ್ಸರ್‌ಕಾರಕವಾಗಿರಬಹುದಾದ’ ವರ್ಗದಲ್ಲಿ ಇರಿಸಿದೆ. ಹೀಗಿರುವಾಗ ಕ್ಯಾಟೆಚಿನ್ ಒಂದನ್ನೇ ಮುಂದುಮಾಡಿ ಅಡಿಕೆ ಉತ್ಪನ್ನವು ಕ್ಯಾನ್ಸರ್ ನಿವಾರಕವೆಂದು ಸಾರುವುದು, ಜಮೆಯ ಬಾಬನ್ನು ಮಾತ್ರ ತೋರಿಸಿ ಖರ್ಚಿನ ಬಾಬನ್ನು ಮರೆಮಾಚಿದಂತೆ. ಅಂತಹ ಪ್ರಚಾರದಿಂದ ಬೆಳೆಗಾರರ ನ್ಯಾಯವಾದ ಅಹವಾಲುಗಳೂ ದುರ್ಬಲವಾಗುತ್ತವೆ.

ಕಾನೂನಿನ ನಿರ್ಬಂಧ

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆಯ ಅನುಸೂಚಿಯಲ್ಲಿ ಕ್ಯಾನ್ಸರ್ ಸೇರಿದೆ. ಅದನ್ನು ತಡೆಯುತ್ತದೆ ಅಥವಾ ಗುಣಪಡಿಸುತ್ತದೆ ಎಂದು ಜನರಿಗೆ ಔಷಧದ ಜಾಹೀರಾತು ನೀಡುವುದು ಅಪರಾಧ. ಆಯುರ್ವೇದ ತಯಾರಿಕೆಯ ಪರವಾನಗಿ ಹೊಂದಿದವರಿಗೂ ವಿನಾಯಿತಿಯಿಲ್ಲ. ಆಹಾರವೆಂದು ಮಾರುವವರಿಗೆ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿ ಅನ್ವಯಿಸುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಕಲಮಿನನ್ವಯ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲೂ ಬರುವುದಿಲ್ಲ.

ಆದುದರಿಂದ ಚಹಾ ಮಾರುವವರು ರುಚಿ, ಗುಣಮಟ್ಟ, ಬೆಳೆದ ಸ್ಥಳ ಇವುಗಳನ್ನು ಹೇಳಿ ಮಾರಬಹುದು. ಚೊಗರಿನ ತಯಾರಕರು ಬಟ್ಟೆಯ ಬಣ್ಣದಂತಹ ಆಹಾರೇತರ ಬಳಕೆಗಳತ್ತ ಗಮನ ಹರಿಸಬಹುದು. ಹೊಸ ಉತ್ಪನ್ನದ ಪೊಟ್ಟಣ ಮುದ್ರಣಕ್ಕೆ ಹೋಗುವ ಮುನ್ನವೇ ಅದರ ಮೇಲಿನ ಪ್ರತಿಯೊಂದು ವಾಕ್ಯವನ್ನು ತಜ್ಞರಿಗೆ ತೋರಿಸಿ ಒಪ್ಪಿಗೆ ಪಡೆಯುವುದು ಲೇಸು. ಕ್ಯಾನ್ಸರ್ ಎಂಬ ಪದ ಆ ಪೊಟ್ಟಣದ ಮೇಲೆ ಬರಕೂಡದು.