ಮಂಕಾಗಿ ಕಂಡದ್ದೆಲ್ಲ ದೂರದ್ದಲ್ಲ: ಎಂ82 ಗೆಲಾಕ್ಸಿಯ ಒಂದು ಪಾಠ

ಅಭ್ಯಾಸ ಬೋಧನೆಯ ಎರಡನೇ ವಾರ ಒಂಬತ್ತನೇ ತರಗತಿಗೆ ಗೆಲಾಕ್ಸಿಗಳ ಬಗ್ಗೆ ಪಾಠ ಮಾಡಿದೆ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಎಂ82 ಗೆಲಾಕ್ಸಿಯ ಚಿತ್ರ ತೋರಿಸಿ, "ಇದು ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ನಮ್ಮ ಇಡೀ ಆಕಾಶಗಂಗೆಗಿಂತ ಸುಮಾರು 10 ಪಟ್ಟು ವೇಗವಾಗಿ ಇದರ ನಡುಭಾಗದಲ್ಲಿ ನಕ್ಷತ್ರಗಳು ಹುಟ್ಟುತ್ತಿವೆ" ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಅಲ್ಲಿಗೆ ಯಾರೂ ಹೋಗಿಲ್ಲ ಅಲ್ವಾ? ಮತ್ತೆ ಹೇಗೆ ಅಳೆದ್ರು?" ಎಂದು ಕೇಳಿದಳು. "ದೊಡ್ಡ ದೂರದರ್ಶಕಗಳಿಂದಮ್ಮ" ಎಂದು ಹೇಳಿ ಮುಂದಕ್ಕೆ ಹೋದೆ. ಮಾರ್ಗದರ್ಶಕರು ನನ್ನ ಅವಲೋಕನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "ಉಪಕರಣದ ಹೆಸರು ಬಂತು, ಉತ್ತರ ಬರಲಿಲ್ಲ."

ಮೂರು ದಿನದ ಬಳಿಕ ಆ ಪ್ರಶ್ನೆಯಿಂದಲೇ ಮರುಪಾಠ ಆರಂಭಿಸಿದೆ. ಆಗ ನಾನು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲ ಮೆಟ್ಟಿಲು: ಹೆಬ್ಬೆರಳು

ಕೈ ಚಾಚಿ ಹೆಬ್ಬೆರಳನ್ನು ಒಂದೊಂದೇ ಕಣ್ಣಿನಿಂದ ನೋಡಿದರೆ, ಹಿಂದಿನ ಗೋಡೆಯ ಎದುರು ಅದು ಅತ್ತಿತ್ತ ಜರುಗಿದಂತೆ ಕಾಣುತ್ತದೆ. ಹತ್ತಿರದ ನಕ್ಷತ್ರಗಳ ದೂರವನ್ನು ಹೀಗೆಯೇ ಅಳೆಯುತ್ತಾರೆ. ಎರಡು ಕಣ್ಣುಗಳ ಬದಲಿಗೆ, ಆರು ತಿಂಗಳ ಅಂತರದಲ್ಲಿ ಭೂಮಿ ಇರುವ ಎರಡು ಜಾಗಗಳಿಂದ ನೋಡುತ್ತಾರೆ. ಬೆಸೆಲ್ 1838ರಲ್ಲಿ ಹಂಸ ನಕ್ಷತ್ರಪುಂಜದ ಒಂದು ನಕ್ಷತ್ರದ ದೂರವನ್ನು ಈ ವಿಧಾನದಿಂದ ತಿಳಿದರು. ಆದರೆ ಬೇರೆ ಗೆಲಾಕ್ಸಿಗಳಲ್ಲಿ ಈ ಜರುಗುವಿಕೆ ತೀರಾ ಸಣ್ಣದು, ವಿಧಾನ ಕೈಕೊಡುತ್ತದೆ.

ಎರಡನೇ ಮೆಟ್ಟಿಲು: ಬಲ್ಬು

ನಿಜವಾದ ಪ್ರಕಾಶ ಎಷ್ಟೆಂದು ತಿಳಿದಿರುವ ದೀಪ ಸಿಕ್ಕರೆ, ಅದು ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರ ಹೇಳಬಹುದು. 9 ವಾಟ್‌ನ ಎಲ್‌ಇಡಿ ಬಲ್ಬಿನ ಬೆಳಕನ್ನು ಮೊಬೈಲಿನ ಲಕ್ಸ್ ಮಾಪಕದಿಂದ 1 ಮೀಟರ್ ಮತ್ತು 2 ಮೀಟರ್ ದೂರದಲ್ಲಿ ಅಳೆಸಿದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗವಾಗಬೇಕು. ನಮಗೆ ಕಾಲು ಭಾಗಕ್ಕಿಂತ ಹೆಚ್ಚೇ ಬಂತು. ಕಿಟಕಿ ತೆರೆದಿತ್ತು, ಸುಣ್ಣ ಬಳಿದ ಗೋಡೆಯೂ ಬೆಳಕು ಚೆಲ್ಲುತ್ತಿತ್ತು. ಕಿಟಕಿ ಮುಚ್ಚಿ, ಬಲ್ಬಿನ ಹಿಂದೆ ಕಪ್ಪು ಚಾರ್ಟ್ ಹಾಳೆ ಕಟ್ಟಿದ ಮೇಲೆ ಅಳತೆ ಹತ್ತಿರ ಬಂತು. ಗೆಳೆಯರು ಇದನ್ನು ಮೊದಲೇ ಮಾಡಿ ನೋಡಿಕೊಳ್ಳುವುದು ಒಳ್ಳೆಯದು.

ಆಕಾಶದಲ್ಲಿ ಅಂಥ ದೀಪ ಎಲ್ಲಿದೆ? ಸೀಫಿಡ್ ಎಂಬ ನಕ್ಷತ್ರಗಳು ನಿಯತವಾಗಿ ಉಜ್ವಲವಾಗಿ, ಮತ್ತೆ ಮಂಕಾಗುತ್ತವೆ. ಮಿಡಿತ ನಿಧಾನವಾದಷ್ಟೂ ನಿಜವಾದ ಪ್ರಕಾಶ ಹೆಚ್ಚು ಎಂದು ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿದರು. ಎಂ82ರ ನೆರೆಯ ಎಂ81 ಗೆಲಾಕ್ಸಿಯಲ್ಲಿ ಇಂಥ ನಕ್ಷತ್ರಗಳನ್ನು ಹಬಲ್ ದೂರದರ್ಶಕ ಗುರುತಿಸಿತು. ಅವುಗಳಿಂದ ಬಂದದ್ದೇ ಸುಮಾರು 1.2 ಕೋಟಿ ಜ್ಯೋತಿರ್ವರ್ಷ. ಎರಡೂ ಗೆಲಾಕ್ಸಿಗಳು ಒಂದನ್ನೊಂದು ಸೆಳೆಯುತ್ತಿರುವ ನೆರೆಹೊರೆಯವು, ಹಾಗಾಗಿ ದೂರವೂ ಹೆಚ್ಚುಕಡಿಮೆ ಒಂದೇ.

ದೂರ ತಪ್ಪಿದರೆ ಏನು ತಪ್ಪುತ್ತದೆ?

ಎಂ81ರ ಸೆಳೆತದಿಂದ ಎಂ82ರ ಅನಿಲ ಕಲಕಿ ನಡುಭಾಗಕ್ಕೆ ಕುಸಿದು, ಅಲ್ಲಿ ನಕ್ಷತ್ರಗಳು ಗುಂಪುಗುಂಪಾಗಿ ಹುಟ್ಟುತ್ತಿವೆ. ಹೊಸ ನಕ್ಷತ್ರಗಳ ಬೆಳಕನ್ನು ಧೂಳು ಹೀರಿ, ಬಿಸಿಯಾಗಿ, ಅವಕೆಂಪು ಕಿರಣಗಳಾಗಿ ಹೊರಸೂಸುತ್ತದೆ. ಆ ಕಿರಣಗಳ ಒಟ್ಟು ಪ್ರಮಾಣದಿಂದ ಎಷ್ಟು ನಕ್ಷತ್ರಗಳು ಹುಟ್ಟುತ್ತಿವೆ ಎಂದು ಲೆಕ್ಕ ಹಾಕುತ್ತಾರೆ. ನಾವು ಅಳೆಯುವುದು ಭೂಮಿಗೆ ತಲುಪಿದ ಬೆಳಕನ್ನು ಮಾತ್ರ. ಹೊರಟದ್ದೆಷ್ಟು ಎಂಬುದು ದೂರದ ವರ್ಗವನ್ನು ಅವಲಂಬಿಸಿದೆ. ದೂರವನ್ನು ತಪ್ಪಾಗಿ ಎರಡು ಪಟ್ಟು ಎಂದುಕೊಂಡರೆ, "10 ಪಟ್ಟು" ಎಂಬುದು "40 ಪಟ್ಟು" ಆಗಿಬಿಡುತ್ತದೆ! ನಾನು ಬಾಯಿಪಾಠದಂತೆ ಹೇಳಿದ್ದ ಎರಡು ಸಂಖ್ಯೆಗಳಲ್ಲಿ ಎರಡನೆಯದು ಮೊದಲನೆಯದರ ಮೇಲೆ ನಿಂತಿತ್ತು. ಇದು ಮರುಪಾಠ ಸಿದ್ಧಪಡಿಸುವವರೆಗೆ ನನಗೂ ಹೊಳೆದಿರಲಿಲ್ಲ.

ಧೂಳಿನ ಮೋಸ

ಆಮೇಲೆ ಸಮಾನ ದೂರದಲ್ಲಿ ಒಂದೇ ಬಗೆಯ ಎರಡು ಬಲ್ಬುಗಳನ್ನು ಇಟ್ಟು, ಒಂದರ ಮುಂದೆ ಬೆಣ್ಣೆ ಕಾಗದ ಹಿಡಿದೆ. ಮಕ್ಕಳು ಇದ್ದದ್ದು ಕೋಣೆಯ ಆಚೆ ತುದಿಯಲ್ಲಿ. ಕಾಗದ ಅವರಿಗೆ ಕಾಣುತ್ತಿರಲಿಲ್ಲ. "ಯಾವುದು ದೂರ?" ಎಂದಾಗ ಬಹುತೇಕರು ಮಂಕಾದ ಬಲ್ಬನ್ನೇ ತೋರಿಸಿದರು.

ಈ ಮೋಸ ಖಗೋಳಶಾಸ್ತ್ರಜ್ಞರಿಗೂ ಎದುರಾಗುತ್ತದೆ. 2014ರ ಜನವರಿ 21ರಂದು ಲಂಡನ್ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಸ್ಟೀವ್ ಫಾಸಿ ಅವರು ನಾಲ್ವರು ಪದವಿ ವಿದ್ಯಾರ್ಥಿಗಳಿಗೆ ದೂರದರ್ಶಕ ಬಳಸುವುದನ್ನು ಕಲಿಸುತ್ತಿದ್ದರು. ಮೋಡ ಕವಿಯುತ್ತಿದ್ದುದರಿಂದ ಬೇಗ ಸಿಗುವ ಎಂ82ರತ್ತ ತಿರುಗಿಸಿದರು. ಅಲ್ಲಿ ಹಿಂದೆ ಇಲ್ಲದ ಒಂದು ಚುಕ್ಕಿ! ಅದು ಎಸ್‌ಎನ್ 2014ಜೆ ಎಂಬ 'ಒನ್-ಎ' ಬಗೆಯ ಸೂಪರ್‌ನೋವಾ. ಶ್ವೇತಕುಬ್ಜ ನಕ್ಷತ್ರ ಸಿಡಿದಾಗ ಕಾಣುವ ಈ ಬಗೆಯ ಸ್ಫೋಟಗಳ ಗರಿಷ್ಠ ಪ್ರಕಾಶವನ್ನು ಅಂದಾಜಿಸಬಹುದು. ಅತಿ ದೂರದ ಗೆಲಾಕ್ಸಿಗಳಿಗೆ ಇವೇ ಅಳತೆಗೋಲು. ಆದರೆ ಇದು ಎಂ82ರ ದಟ್ಟ ಧೂಳಿನ ಹಿಂದಿತ್ತು. ಇರಬೇಕಾದುದಕ್ಕಿಂತ ಬಹಳ ಮಂಕಾಗಿ ಕಂಡಿತು. ಧೂಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದೂರ ಹಿಗ್ಗಿಹೋಗುತ್ತಿತ್ತು. ಲಡಾಖಿನ ಹಾನ್ಲೆಯಲ್ಲಿದ್ದು, ನಮ್ಮ ಹೊಸಕೋಟೆಯಿಂದ ನಡೆಸಲಾಗುವ ಹಿಮಾಲಯನ್ ಚಂದ್ರ ದೂರದರ್ಶಕವೂ ಈ ಸ್ಫೋಟವನ್ನು ವೀಕ್ಷಿಸಿತು ಎಂದಾಗ ಮಕ್ಕಳ ಕಿವಿ ನೆಟ್ಟಗಾಯಿತು.

ಧೂಳನ್ನು ಹಿಡಿಯುವುದು ಹೇಗೆ? ಗಾಜಿನ ಲೋಟದ ನೀರಿಗೆ ಕೆಲವು ಹನಿ ಹಾಲು ಹಾಕಿ, ಹಿಂದಿನಿಂದ ಟಾರ್ಚ್ ಬಿಟ್ಟೆವು. ಬೆಳಕು ಮಂಕಾದದ್ದಷ್ಟೇ ಅಲ್ಲ, ಹಳದಿ-ಕೆಂಪಾಯಿತು. ಧೂಳು ನೀಲಿ ಬೆಳಕನ್ನು ಹೆಚ್ಚು ತಡೆಯುತ್ತದೆ, ಕೆಂಪನ್ನು ಕಡಿಮೆ. ಬರಿಯ ದೂರ ಹೀಗೆ ಬಣ್ಣ ಆರಿಸುವುದಿಲ್ಲ. ಅದಕ್ಕೇ ಹಲವು ಬಣ್ಣಗಳಲ್ಲಿ ಅಳೆದು, ಧೂಳಿನ ಪಾಲನ್ನು ಬೇರ್ಪಡಿಸುತ್ತಾರೆ.

ಸಹಪಾಠಿಗಳಿಗೆ ನನ್ನ ಸಲಹೆ ಒಂದೇ. ಪಾಠಯೋಜನೆಯಲ್ಲಿ ಪ್ರತಿ ಸಂಖ್ಯೆಯ ಎದುರು "ಇದು ಹೇಗೆ ಗೊತ್ತಾಯಿತು?" ಎಂಬ ಒಂದು ಕಾಲಂ ಹಾಕಿಕೊಳ್ಳಿ. ತುಂಬಲಾಗದಿದ್ದರೆ ಆ ಸಂಖ್ಯೆ ಇನ್ನೂ ನಮ್ಮದಾಗಿಲ್ಲ ಎಂದರ್ಥ. ಮರುಪಾಠದ ಕೊನೆಗೆ ಅದೇ ಹುಡುಗಿಯನ್ನು, "ಹೇಗೆ ಅಳೆದ್ರು, ಹೇಳಮ್ಮ" ಎಂದು ಕೇಳಿದೆ. ಹೆಬ್ಬೆರಳು, ಬಲ್ಬು, ಹಾಲಿನ ಲೋಟ ಮೂರನ್ನೂ ಕ್ರಮವಾಗಿ ಹೇಳಿ, "ಧೂಳಿನ ಲೆಕ್ಕ ತಪ್ಪಿದ್ರೆ, ಮೇಡಂ?" ಎಂದು ಇನ್ನೊಂದು ಪ್ರಶ್ನೆ ಹಾಕಿದಳು. ಈ ಸಲ ನಾನು ಮುಂದಕ್ಕೆ ಹೋಗಲಿಲ್ಲ. "ದೂರವೂ ತಪ್ಪುತ್ತದೆ, ಅದಕ್ಕೇ ಬೇರೆ ಬೇರೆ ವಿಧಾನಗಳಿಂದ ಅಳೆದು ಹೋಲಿಸುತ್ತಾರೆ" ಎಂದು ಕರಿಹಲಗೆಯ ಮೇಲೆ ಬರೆದೆ.